ಚೆಲುವಿಗೊಂದು ಪಾಲಿಸಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳಲಿರುವ ಅನಾಹುತಕ್ಕೆಲ್ಲ ಅದೇ ಕಾರಣ. ಮೂವತ್ತೆರಡು ವರ್ಷ ಮದ್ದೂರು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿ, ಕೊನೆಗೆ ಹೆಡ್‌ಮಿಸ್ಸಾಗಿ ನಿವೃತ್ತಳಾದವಳು ನಾನು, ರಂಗನಾಯಕಿ. ಶಾಲೆಯಲ್ಲಿ ಸಿಟ್ಟು ಕೆಲಸಕ್ಕೆ ಬರುತ್ತಿತ್ತು. ಮನೆಯಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ.

ಮದ್ದೂರಿನಲ್ಲಿ ಶಿಂಷಾ ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ ನಮ್ಮ ಮನೆ. ನಮ್ಮ ಯಜಮಾನರು ತಿರುನಾರಾಯಣ, ಹತ್ತಿರದ ದೇವಸ್ಥಾನದಲ್ಲಿ ಅರ್ಚಕರು. ಮಗ ಮಧುಕರ ದಿನಾ ಮಂಡ್ಯಕ್ಕೆ ಆಫೀಸಿಗೆ ಹೋಗಿಬರುತ್ತಾನೆ. ಸೊಸೆ ಪ್ರಿಯಂವದಾ ಇಲ್ಲೇ ಸಹಕಾರಿ ಬ್ಯಾಂಕಿನಲ್ಲಿದ್ದಾಳೆ. ಇನ್ನೊಬ್ಬಳು ಚೆಲುವಿ. ಆರು ವರ್ಷದ ಹಿಂದೆ ಬಚ್ಚಲೊಲೆಯ ಪಕ್ಕ ಸೌದೆಯ ಸಂದಿಯಲ್ಲಿ ಕಣ್ಣು ಬಿಡದ ಮರಿಯಾಗಿ ಸಿಕ್ಕವಳು. ಬೂದು ಬಣ್ಣ, ಮೈಮೇಲೆ ಪಟ್ಟೆ, ಹೊಟ್ಟೆ ಮಾತ್ರ ಬೆಳ್ಳಗೆ. ಬತ್ತಿಯಲ್ಲಿ ಹಾಲು ಹಿಂಡಿ ಬದುಕಿಸಿದವಳು ನಾನು, ಆದ್ದರಿಂದ ಅವಳನ್ನು ಬೆಕ್ಕು ಎಂದರೆ ನನಗೆ ಇಂದಿಗೂ ಸ್ವಲ್ಪ ಕೋಪ ಬರುತ್ತದೆ.

ಅವಳ ಬಗ್ಗೆ ನನಗೆ ಒಂದು ದೊಡ್ಡ ಹೆಮ್ಮೆ ಇತ್ತು. ನಮ್ಮ ಚೆಲುವಿ ಶುದ್ಧ ಮೊಸರನ್ನದ ಹುಡುಗಿ. ಬೆಳಿಗ್ಗೆ ಹಾಲು, ಮಧ್ಯಾಹ್ನ ಕೈಯಲ್ಲೇ ಚೆನ್ನಾಗಿ ಕಿವಿಚಿದ ಮೊಸರನ್ನ, ಸಂಜೆ ತುಪ್ಪ ಹಚ್ಚಿದ ಒಂದು ಚೂರು ದೋಸೆ. ಏಕಾದಶಿಯ ದಿನ ನಮಗೆ ಅನ್ನವಿಲ್ಲ, ಅವಳಿಗೂ ಇಲ್ಲ, ಇಬ್ಬರಿಗೂ ಮೊಸರವಲಕ್ಕಿ. ನೆಂಟರು ಬಂದರೆ ನಾನು ಕಾಫಿ ಕೊಡುವುದಕ್ಕಿಂತ ಮೊದಲು ಈ ಕಥೆ ಹೇಳುತ್ತಿದ್ದೆ. ಮೈಸೂರಿನ ನಮ್ಮ ನಾದಿನಿ ಅವಳಿಗೆ ಕೈಮುಗಿದು, ಹಿಂದಿನ ಜನ್ಮದಲ್ಲಿ ಯಾರೋ ದೊಡ್ಡ ವೈಷ್ಣವರೇ ಇರಬೇಕು ಎಂದಿದ್ದಳು. ಆ ಮಾತನ್ನು ನಾನು ಒಂದು ವಾರ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಈ ಸಲ ದೀಪಾವಳಿ ಕಳೆದ ಮೇಲೆ ಚೆಲುವಿ ಬೀಳತೊಡಗಿದಳು. ಕಿಟಕಿಯಿಂದ ಬೀರುವಿನ ಮೇಲಕ್ಕೆ ಹಾರುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಒಂದು ದಿನ ಹಾರಿದವಳು ಬೀರುವಿಗೆ ಮುಟ್ಟದೆ ನೆಲಕ್ಕೆ ಬಿದ್ದಳು. ಇನ್ನೊಂದು ದಿನ ನಡುಮನೆಯಲ್ಲಿ ನಡೆದು ಬರುತ್ತಾ ನೀರಿನ ಬಕೆಟ್ಟಿಗೆ ಹೋಗಿ ಡಿಕ್ಕಿ ಹೊಡೆದಳು. ವಯಸ್ಸಾಯಿತೇನೋ ಎಂದು ಯಜಮಾನರು ಅಂದರು. ಆರು ವರ್ಷಕ್ಕೇ ವಯಸ್ಸಾದರೆ ನಿಮ್ಮನ್ನು ಏನು ಅನ್ನಬೇಕು ಎಂದು ನಾನು ರೇಗಿದೆ.

ಪ್ರಿಯಂವದಾ ಆಗಲೇ ವಿಮೆಯ ಮಾತು ಎತ್ತಿದ್ದು. ಬ್ಯಾಂಕಿನಲ್ಲಿ ಯಾರೋ ಹೇಳಿದರಂತೆ, ಈಗ ನಾಯಿಗೆ ಮಾಡುವ ಹಾಗೆ ಬೆಕ್ಕಿಗೂ ಆರೋಗ್ಯ ವಿಮೆ ಮಾಡುತ್ತಾರಂತೆ, ನಾಳೆ ಸ್ಕ್ಯಾನಿಂಗು, ಆಪರೇಷನ್ನು ಅಂತ ಬಂದರೆ ಇರಲಿ ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ಆ ನಗು ಸಂಜೆಯವರೆಗೆ ಇತ್ತು. ಸಂಜೆ ಚೆಲುವಿ ಹಜಾರದಿಂದ ಅಡುಗೆಮನೆಗೆ ಓಡಿಬಂದವಳು ಹೊಸಿಲಲ್ಲೇ ಮಲಗಿ, ಬಾಯಿ ತೆರೆದು ನಾಯಿಯ ಹಾಗೆ ತೇಕತೊಡಗಿದಳು. ಬೆಕ್ಕು ಹಾಗೆ ಬಾಯಿ ಬಿಟ್ಟು ಉಸಿರಾಡುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅವಳನ್ನು ಮಡಿಲಲ್ಲಿ ಹಾಕಿಕೊಂಡು, ಆ ವಿಮೆಯವನನ್ನು ನಾಳೆಯೇ ಕರೆಸು ಎಂದು ಸೊಸೆಗೆ ಹೇಳಿದೆ.

ಡಾಕ್ಟರನ್ನು ಬಿಟ್ಟು ವಿಮೆಯವನನ್ನು ಯಾಕೆ ಕರೆಸಿದೆ ಎಂದು ಕೇಳಬಹುದು. ಅದಕ್ಕೂ ಒಂದು ಹುಚ್ಚು ಕಾರಣವಿದೆ. ನಮ್ಮ ಯಜಮಾನರಿಗೆ ಆರೋಗ್ಯ ವಿಮೆ ಮಾಡಿಸಿ ಹನ್ನೆರಡು ವರ್ಷವಾಯಿತು, ಈ ಹನ್ನೆರಡು ವರ್ಷದಲ್ಲಿ ಅವರು ಒಂದು ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ವಿಮೆ ಮಾಡಿಸದ ನನ್ನ ತಮ್ಮನಿಗೆ ಎರಡು ಸಲ ಸ್ಟೆಂಟು ಹಾಕಿದರು. ಹೀಗಾಗಿ ಪಾಲಿಸಿ ಅಂದರೆ ಮಕ್ಕಳ ಸೊಂಟಕ್ಕೆ ತಾಯತ ಕಟ್ಟಿದ ಹಾಗೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೊರಗೆ ಹೇಳಿದರೆ ನಗುತ್ತಾರೆಂದು ಹೇಳುತ್ತಿರಲಿಲ್ಲ ಅಷ್ಟೆ.

ಬಂದವನು ಸಂತೋಷ್ ಅಂತ, ಮಳವಳ್ಳಿಯ ಹುಡುಗ. ಬೈಕು, ಟ್ರ್ಯಾಕ್ಟರು, ಹಸುಗಳಿಗೆ ವಿಮೆ ಮಾಡಿಸಿ ಎರಡು ತಾಲ್ಲೂಕು ಸುತ್ತಿದವನು. ಬೆಕ್ಕಿಗೆ ಇದೇ ಮೊದಲು ಎಂದು ಒಪ್ಪಿಕೊಂಡ, ಆದರೂ ಕೈ ಹಳೆಯ ಅಭ್ಯಾಸ ಬಿಡಬೇಕಲ್ಲ. ಹಸುವಿಗೆ ವಿಮೆ ಮಾಡಿಸಿದರೆ ಕಿವಿಗೆ ನಂಬರಿನ ಓಲೆ ಚುಚ್ಚುತ್ತಾರೆ. ಇವನು ಚೆಲುವಿಯನ್ನು ನೋಡಿದವನೇ ಕಿವಿ ಹಿಡಿದು, ಓಲೆ ಎಲ್ಲಿ ಹಾಕುವುದು ಎಂದು ಅಂದಾಜು ಮಾಡತೊಡಗಿದ. ಅವಳು ಚೆನ್ನಾಗಿ ಪರಚಿದಳು. ರಕ್ತ ಒರೆಸಿಕೊಂಡು ಫಾರಂ ತೆಗೆದವನು, ಹಸುವಿಗೆ ಕೇಳುವ ಹಾಗೆ ಎಷ್ಟನೇ ಸೂಲು ಎಂದು ಕೇಳಿದ. ಆಮೇಲೆ ತಾನೇ ನಾಚಿಕೊಂಡು ತಲೆ ಕೆರೆದುಕೊಂಡ.

ನಾನು ನಗಲಿಲ್ಲ, ಯಾಕೆಂದರೆ ಮುಂದಿನ ಪ್ರಶ್ನೆ ನನ್ನ ಪಿತ್ತ ನೆತ್ತಿಗೇರಿಸಿತು. ಮಾರುಕಟ್ಟೆ ಬೆಲೆ ಎಷ್ಟು ಬರೆಯಲಿ ಎಂದ. ನಾಟಿ ಬೆಕ್ಕಿಗೆ ಬೆಲೆಯೇ ಇರುವುದಿಲ್ಲವಾದ್ದರಿಂದ ಅವನಿಗೆ ಪೇಚಾಗಿತ್ತಂತೆ. ಬೆಲೆ ಕಟ್ಟುವುದಿದ್ದರೆ ನಿನ್ನ ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಹೋಗು ಎಂದು ಬೈದೆ. ಕೊನೆಗೆ ಪ್ರಿಯಂವದಾ ನಡುವೆ ಬಂದು ಕಾಫಿ ಕೊಟ್ಟು, ಅವನ ಬ್ಯಾಗಿನಲ್ಲಿದ್ದ ಮೂರು ಕಂಪನಿಗಳ ಪತ್ರಗಳನ್ನು ಇಸಿದುಕೊಂಡಳು.

ಆ ಮೂರನ್ನೂ ನಾನು ಕೆಂಪು ಪೆನ್ನು ಹಿಡಿದು ಓದಿದೆ. ಉತ್ತರಪತ್ರಿಕೆ ತಿದ್ದಿದವಳಿಗೆ ಬೇರೆ ರೀತಿ ಓದಲು ಬರುವುದಿಲ್ಲ. ಮೊದಲನೆಯ ಪಾಲಿಸಿ ಬೆಕ್ಕು ಸತ್ತರೆ ದುಡ್ಡು ಕೊಡುತ್ತದೆ, ಕಾಯಿಲೆಗೆ ಏನೂ ಇಲ್ಲ. ಅದನ್ನು ಅಲ್ಲೇ ಮಡಚಿ ಕೆಳಗಿಟ್ಟೆ. ಎರಡನೆಯದು ಆಸ್ಪತ್ರೆ, ಆಪರೇಷನ್ನು, ಔಷಧಿಯ ಖರ್ಚು, ಸತ್ತರೆ ಒಂದಿಷ್ಟು ದುಡ್ಡು ಕೊಡುತ್ತದೆ, ಆದರೆ ಮೊದಲ ಮೂವತ್ತು ದಿನದೊಳಗೆ ಬಂದ ಕಾಯಿಲೆಗೆ ಇಲ್ಲ. ಮೂರನೆಯದರಲ್ಲಿ ಎಲ್ಲವೂ ಇತ್ತು, ಬೆಕ್ಕು ಕಳೆದುಹೋದರೆ ಪೇಪರಿನಲ್ಲಿ ಜಾಹೀರಾತು ಹಾಕಿಸುವ ಖರ್ಚು, ಅದು ಯಾರನ್ನಾದರೂ ಕಚ್ಚಿದರೆ ಅವರಿಗೆ ಪರಿಹಾರ. ಸಂತೋಷ್ ತನ್ನ ಪರಚಿದ ಕೈ ನೋಡಿಕೊಂಡು, ಮೂರನೆಯದೇ ಒಳ್ಳೆಯದು ಎಂದ. ಕಂಪನಿಗೆ ಎಷ್ಟು ಮಾರ್ಕ್ಸು ಕೊಟ್ಟೆ ಎಂದು ಯಜಮಾನರು ದೇವರಮನೆಯಿಂದಲೇ ಕೇಳಿದರು.

ನನಗೆ ಎರಡನೆಯದು ಹಿಡಿಸಿತು. ಆದರೆ ಮೂರರಲ್ಲೂ ಎರಡು ಷರತ್ತು ಸಮಾನವಾಗಿದ್ದವು. ಏಳು ವರ್ಷ ತುಂಬಿದ ಬೆಕ್ಕನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ, ಚೆಲುವಿಗೆ ಇನ್ನು ಕೆಲವೇ ತಿಂಗಳಿತ್ತು. ಈಗಾಗಲೇ ಇರುವ ಕಾಯಿಲೆಗೆ ಹಣ ಕೊಡುವುದಿಲ್ಲ, ಆದ್ದರಿಂದ ಪಶುವೈದ್ಯರು ಪರೀಕ್ಷೆ ಮಾಡಿ ಸರ್ಟಿಫಿಕೇಟು ಬರೆದುಕೊಡಬೇಕು. ಸರಿ, ಅದಕ್ಕೇನಂತೆ ಎಂದು ಮಾರನೆಯ ದಿನ ಪ್ರಿಯಂವದಾ ರಜೆ ಹಾಕಿದಳು. ಚೆಲುವಿಯನ್ನು ಮುಚ್ಚಳದ ಬುಟ್ಟಿಯಲ್ಲಿ ಕೂರಿಸಿಕೊಂಡು ಮಂಡ್ಯದ ಬಸ್ಸು ಹತ್ತಿದೆವು. ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿ ಹುಡುಗಿಯರು ಇಳಿಯುವಾಗ ಒಬ್ಬೊಬ್ಬರಾಗಿ ಬುಟ್ಟಿಗೆ ಇಣುಕಿ ನೋಡಿ ಹೋದರು. ಎಲ್ಲರಿಗೂ ನಾನು ಮೊಸರನ್ನದ ಕಥೆ ಹೇಳಿದೆ.

ಮಂಡ್ಯದ ಆ ಕ್ಲಿನಿಕ್ಕಿನ ಡಾಕ್ಟರು ಆಶ್ರಿತಾ, ಚಿಕ್ಕ ವಯಸ್ಸಿನ ಹುಡುಗಿ, ಮಾತು ಕಡಿಮೆ. ಚೆಲುವಿಯ ಕಣ್ಣಿಗೆ ಸಣ್ಣ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದಳು. ಎದೆಗೆ ಸ್ಟೆತಾಸ್ಕೋಪು ಇಟ್ಟು ಮತ್ತೂ ಹೊತ್ತು ಕೇಳಿದಳು. ಒಳಗೆ ಕರೆದುಕೊಂಡು ಹೋಗಿ ಹೃದಯದ ಸ್ಕ್ಯಾನು ಮಾಡಿ ಬಂದಳು. ಆಮೇಲೆ ಕುರ್ಚಿ ಎಳೆದು ನನ್ನ ಎದುರಿಗೇ ಕೂತು, ಇದಕ್ಕೆ ಊಟ ಏನು ಹಾಕುತ್ತೀರಿ ಎಂದು ಕೇಳಿದಳು.

ನಾನು ಹೆಮ್ಮೆಯಿಂದಲೇ ಹೇಳಿದೆ. ಏಕಾದಶಿಯ ಅವಲಕ್ಕಿಯನ್ನೂ ಬಿಡಲಿಲ್ಲ.

ಆ ಹುಡುಗಿ ನಗಲಿಲ್ಲ. ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಬೇಕಾದ ಒಂದು ಸತ್ವವಿದೆ, ಅದು ಮೀನು, ಮಾಂಸದಲ್ಲಿ ಮಾತ್ರ ಸಿಗುತ್ತದೆ, ಮನುಷ್ಯರು ತಯಾರಿಸಿಕೊಳ್ಳುವ ಹಾಗೆ ಬೆಕ್ಕು ಅದನ್ನು ತನ್ನ ಮೈಯಲ್ಲೇ ತಯಾರಿಸಿಕೊಳ್ಳಲಾರದು ಎಂದು ವಿವರಿಸಿದಳು. ಅದು ಸಿಗದೆ ಚೆಲುವಿಯ ಹೃದಯ ಹಿಗ್ಗಿ ಸಡಿಲವಾಗಿದೆ, ಕಣ್ಣಿನ ಹಿಂದಿನ ಪರದೆ ಸವೆದಿದೆ. ಹೋದ ದೃಷ್ಟಿ ಬರುವುದಿಲ್ಲ. ಹೃದಯ ಸುಧಾರಿಸಬಹುದು, ಈಗಲೇ ಶುರು ಮಾಡಿದರೆ.

"ಹೀಗೇ ಬಿಟ್ಟರೆ?" ಎಂದು ಪ್ರಿಯಂವದಾ ಕೇಳಿದಳು.

"ಎರಡು ಮೂರು ತಿಂಗಳು. ಮಾತ್ರೆ, ಪುಡಿ ಬರ್ಕೊಡ್ತೀನಿ. ಆದ್ರೆ ಅದರ ಔಷಧಿ ಮೀನಂಗಡೀಲಿದೆ ಅಮ್ಮ, ನನ್ನ ಹತ್ರ ಅಲ್ಲ."

ಆರು ವರ್ಷ ನನ್ನ ಕೈಯಾರೆ ಕಿವಿಚಿ ಕಿವಿಚಿ ತಿನ್ನಿಸಿದ್ದೆನಲ್ಲ. ಡಾಕ್ಟರು ಏನೋ ಬರೆಯುತ್ತಾ, ಬರೀ ಇದರಲ್ಲಿ ಆರು ವರ್ಷ ಬದುಕಿದ್ದೇ ಆಶ್ಚರ್ಯ, ಮೊದಲು ಹೊರಗೆ ಬೇಟೆ ಆಡುತ್ತಿತ್ತೇ, ಬೇರೆ ಯಾರಾದರೂ ಏನಾದರೂ ಹಾಕುತ್ತಿದ್ದರೇ, ಅದು ಇತ್ತೀಚೆಗೆ ನಿಂತುಹೋಯಿತೇ ಎಂದು ಕೇಳಿದಳು. ಪ್ರಿಯಂವದಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ನಿಂತುಹೋಗಿತ್ತು. ನಿಲ್ಲಿಸಿದವಳು ನಾನೇ.

ನಮ್ಮ ಹಿತ್ತಲಿನ ಗೋಡೆಯಾಚೆ ಚಿಕ್ಕಬೋರಮ್ಮನ ಮನೆ. ಗೌಡರ ಪೈಕಿ, ನನ್ನದೇ ವಯಸ್ಸಿನವಳು, ಎರಡು ಹಸು ಕಟ್ಟಿದ್ದಾಳೆ, ಮಗ ಯತೀಶ್ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಇಪ್ಪತ್ತು ವರ್ಷ ಅವಳ ಹಸುವಿನ ಹಾಲೇ ನಮ್ಮ ಮನೆಗೆ. ಗೋಡೆಯ ಆ ಕಡೆ ಅವಳು, ಈ ಕಡೆ ನಾನು, ಕರಿಬೇವು ಕೊಡುವುದು, ಹಾಲು ತೆಗೆದುಕೊಳ್ಳುವುದು, ಇಬ್ಬರ ಸೊಂಟ ನೋವಿನ ಸುದ್ದಿ, ಎಲ್ಲ ಆ ಗೋಡೆಯ ಮೇಲೇ. ಅವಳ ತವರು ಶಿವನಸಮುದ್ರದ ಹತ್ತಿರ. ತಮ್ಮ ಹೊನ್ನಯ್ಯ ಬಂದಾಗಲೆಲ್ಲ ಕಾವೇರಿಯ ಮೀನು ತರುತ್ತಿದ್ದ.

ಹೋದ ವರ್ಷ, ಒಂದು ಶುಕ್ರವಾರ ಬೆಳಿಗ್ಗೆ, ಮಡಿಯುಟ್ಟು ತುಳಸಿಗೆ ನೀರು ಹಾಕಲು ಹೋದರೆ ಕಟ್ಟೆಯ ಪಕ್ಕ ಮೀನಿನ ಮುಳ್ಳು ಬಿದ್ದಿತ್ತು. ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ತೆಂಗಿನ ಕರಟ, ಅದರಲ್ಲಿ ಮೀನಿನ ತಲೆ, ಅದಕ್ಕೆ ಬಾಯಿ ಹಾಕಿ ಕೂತವಳು ನನ್ನ ಮೊಸರನ್ನದ ಹುಡುಗಿ. ಕೇಳಿದರೆ, ಮರಿಯಾಗಿದ್ದಾಗಿನಿಂದ ಚಿಕ್ಕಬೋರಮ್ಮ ದಿನಾ ಏನಾದರೊಂದು ಇಡುತ್ತಲೇ ಬಂದಿದ್ದಳಂತೆ. ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ಬರೀ ಸುಳ್ಳು.

ಆ ಅವಮಾನಕ್ಕೆ ನಾನು ಆಡಿದ ಮಾತುಗಳನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ನ್ಯಾಯವಲ್ಲ. ನಿಮ್ಮ ಮನೆಯ ಎಂಜಲು ನಮ್ಮ ಅಂಗಳಕ್ಕೆ ಬರಬಾರದು, ನಿಮ್ಮ ಜಾತಿ ಬುದ್ಧಿ ನನ್ನ ಮನೆಯ ಪ್ರಾಣಿಗೆ ಹಚ್ಚಬೇಡ ಎಂದೆ. ಬೀದಿಯ ನಾಲ್ಕು ಜನ ಹೆಂಗಸರು ಕೇಳಿಸಿಕೊಂಡರು. ಚಿಕ್ಕಬೋರಮ್ಮ ಕರಟ ತೆಗೆದುಕೊಂಡು ಒಳಗೆ ಹೋದಳು. ಮಾರನೆಯ ದಿನದಿಂದ ಹಾಲು ನಿಂತಿತು, ನಾವು ಪ್ಯಾಕೆಟ್ಟಿಗೆ ಬಂದೆವು. ಮಧುಕರನಿಗೆ ಹೇಳಿ ಕಿಟಕಿಗಳಿಗೆ, ಹಿತ್ತಲ ಗೋಡೆಗೆ ಜಾಲರಿ ಹೊಡೆಸಿದೆ. ಚೆಲುವಿ ಹೊರಗೆ ಹೋಗುವುದು ಅಂದಿಗೆ ಮುಗಿಯಿತು. ಹದಿನಾಲ್ಕು ತಿಂಗಳು ಅವಳಿಗೆ ಶುದ್ಧ ಮೊಸರನ್ನವೇ ಸಿಕ್ಕಿತು.

ಮಂಡ್ಯದಿಂದ ಬಂದ ಮೇಲೆ ನಾನು ಮೂರು ದಿನ ಸೋಲೊಪ್ಪಲಿಲ್ಲ. ಡಾಕ್ಟರು ಕೊಟ್ಟ ಪುಡಿಯನ್ನು ಮೊಸರನ್ನಕ್ಕೆ ಬೆರೆಸಿದೆ. ಚೆಲುವಿ ಮೂಸಿ ಮುಖ ತಿರುಗಿಸಿದಳು. ಪ್ರಿಯಂವದಾ ಅಂಗಡಿಯಿಂದ ಬೆಕ್ಕಿನ ಆಹಾರದ ಪ್ಯಾಕೆಟ್ಟು ತಂದಳು. ಹಿಂದೆ ಮುಂದೆ ತಿರುಗಿಸಿ ಓದಿದರೆ ಅದರಲ್ಲೂ ಮೀನು, ಕೋಳಿ. ಕಾಳಿನ ಹಾಗೆ ಇದೆಯಲ್ಲ, ನಡೆಯುತ್ತದೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡು ಹಾಕಿದೆ. ಅವಳು ಅದರ ಮೇಲೆ ಕಾಲಿಟ್ಟು ದಾಟಿ ಹೋದಳು. ಮೂರನೆಯ ದಿನ ಹಾಲನ್ನೂ ಬಿಟ್ಟಳು. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಎಣಿಸುವ ಹಾಗಿತ್ತು.

ಅದೇ ದಿನ ಸಂತೋಷ್ ಫಾರಂ ತೆಗೆದುಕೊಂಡು ಹೋಗಲು ಬಂದ. ಡಾಕ್ಟರು ಬರೆದ ಸರ್ಟಿಫಿಕೇಟು ಓದಿ ಮುಖ ಸಪ್ಪೆ ಮಾಡಿದ. ಹೃದಯ, ಕಣ್ಣು ಎರಡಕ್ಕೂ ಕಂಪನಿ ಒಂದು ಕಾಸೂ ಕೊಡುವುದಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ, ಈ ಕಾಗದ ಇಲ್ಲೇ ಇರಲಿ, ನೋಡದೆಯೇ ಸೈನು ಹಾಕಿಕೊಡುವವರೊಬ್ಬರು ತನಗೆ ಗೊತ್ತು, ಆರೋಗ್ಯವಾಗಿದೆ ಎಂದು ಬರೆಸಿಬಿಡೋಣ ಎಂದ. ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬೆರಳಿನ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದವಳು ನಾನು. ಆ ಹೊತ್ತು ಹೂಂ ಎನ್ನಲು ನನ್ನ ಬಾಯಿ ತೆರೆದಿತ್ತು, ಅದು ದೇವರಿಗೇ ಗೊತ್ತು.

"ಮೂವತ್ ದಿನ ಒಂದ್ ತಳ್ಬುಡಿ ಟೀಚ್ರಮ್ಮ," ಎಂದ ಅವನು, ನನ್ನನ್ನು ಸಮಾಧಾನ ಮಾಡುವ ಹಾಗೆ. "ಆಮ್ಯಾಕೆ ಸತ್ರೂ ದುಡ್ಡು ಬತ್ತದೆ."

"ನನಗೆ ಬೇಕಾಗಿರೋದು ಅವಳು ಸಾಯದೇ ಇರೋದು!" ಎಂದು ಕಿರುಚಿದೆ.

ಹುಡುಗ ಹೆದರಿದನೋ, ಅಯ್ಯೋ ಪಾಪ ಅನ್ನಿಸಿತೋ, ಫಾರಂ ಮಡಚಿ ಟೀಪಾಯಿಯ ಮೇಲಿಟ್ಟ. "ಅಂಥ ಪಾಲಿಸಿ ಯಾವ ಕಂಪ್ನೀಲೂ ಇಲ್ಲ ಕಣಮ್ಮ," ಎಂದ.

ನನ್ನ ತಲೆಯಲ್ಲಿ ಕೂತಿದ್ದ ತಾಯತ ಆಗ ಬಿಚ್ಚಿ ಬಿತ್ತು. ಡಾಕ್ಟರ ಸರ್ಟಿಫಿಕೇಟನ್ನೇ ಲಗತ್ತಿಸಿ, ಇರುವ ಕಾಯಿಲೆ ಏನು ಎಂಬ ಕಡೆ ಇದ್ದದ್ದನ್ನು ಇದ್ದ ಹಾಗೆ ಬರೆದು, ಎರಡನೆಯ ಪಾಲಿಸಿಗೇ ಸಹಿ ಹಾಕಿಕೊಟ್ಟೆ. ಕಾಲು ಮುರಿದರೆ, ಇನ್ನೇನಾದರೂ ಬಂದರೆ ಆಗಲಿ, ಸೇರಿಸಿಕೊಂಡರೆ ಸೇರಿಸಿಕೊಳ್ಳಲಿ, ಬಿಟ್ಟರೆ ಬಿಡಲಿ. ಅವನು ಹೋದ ಮೇಲೆ ಯಜಮಾನರ ಮುಂದೆ ಹೋಗಿ ನಿಂತೆ. ಮೀನು ತಿನ್ನಿಸದಿದ್ದರೆ ಚೆಲುವಿ ಉಳಿಯುವುದಿಲ್ಲ, ಈ ಮನೆಯಲ್ಲಿ ಸಾಲಿಗ್ರಾಮ ಇದೆ, ಏನು ಮಾಡಲಿ ಹೇಳಿ ಎಂದು ಜಗಳಕ್ಕೆ ನಿಂತವಳ ಹಾಗೆಯೇ ಕೇಳಿದೆ. ಅವರು ಬೇಡ ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪನ್ನು ಅವರ ಮೇಲೆ ಹಾಕಿ ಅತ್ತುಬಿಡುತ್ತಿದ್ದೆ.

"ನಾನು ಯಾವತ್ತು ಬೇಡ ಅಂದೆ ರಂಗಾ?" ಎಂದರು ಅವರು. "ಜಾಲರಿ ಹೊಡೆಸಿದ್ದು ನೀನು. ಹೋಗು, ತಿನ್ನಿಸಿ ಬಾ. ಬಂದು ಸ್ನಾನ ಮಾಡು, ಅಷ್ಟೇ ತಾನೆ."

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಚೆಲುವಿಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಟೆ. ಚಿಕ್ಕಬೋರಮ್ಮನ ಮನೆ ಗೋಡೆಯಾಚೆ ಇದ್ದರೂ ಬಾಗಿಲು ಹಿಂದಿನ ಬೀದಿಗೆ. ಸುತ್ತಿಕೊಂಡು ಹೋಗಬೇಕು. ಇಪ್ಪತ್ತು ವರ್ಷದಲ್ಲಿ ನಾನು ಆ ಬಾಗಿಲಿಗೆ ಒಂದು ಸಲವೂ ಹೋಗಿರಲಿಲ್ಲ ಎಂಬುದು ದಾರಿಯಲ್ಲಿ ಹೊಳೆಯಿತು. ಅವಳ ಗಂಡ ತೀರಿಕೊಂಡಾಗಲೂ ಗೋಡೆಯ ಮೇಲಿಂದಲೇ ಸಮಾಧಾನ ಹೇಳಿದ್ದೆ.

ಅವಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿದಳು, ಬುಟ್ಟಿ ನೋಡಿದಳು, ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಬಾ ಅನ್ನಲಿಲ್ಲ, ಕೂತುಕೋ ಅನ್ನಲಿಲ್ಲ. ನಾನೇ ಮೆಟ್ಟಿಲ ಮೇಲೆ ಕೂತೆ. ಬರುವಾಗ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಡಾಕ್ಟರು ಹೇಳಿದ್ದನ್ನು ಒಂದೇ ಉಸಿರಿನಲ್ಲಿ ಒದರಿ, ಇನ್ನು ಇವಳನ್ನು ನೀನೇ ಇಟ್ಟುಕೋ, ನಿನ್ನ ಮನೆಯಲ್ಲಾದರೆ ಬದುಕುತ್ತಾಳೆ ಎಂದೆ.

"ಚೆನ್ನಾಗ್ ಏಳ್ತೀರಿ," ಎಂದಳು ಚಿಕ್ಕಬೋರಮ್ಮ, ತಲೆ ಎತ್ತದೆ. "ನೆಟ್ಟಗಿದ್ದಾಗ ಬಲೆ ಒಡ್ಸಿ ಒಳಗ್ ಕೂಡಾಕಂಡ್ರಿ. ಸಾಯಾ ಹೊತ್ನಲ್ಲಿ ತಂದು ನನ್ ತಲೆಗ್ ಕಟ್ತೀರಾ?"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ, ಬೀದಿಯಲ್ಲಿ ಹೋಗುವವರ ಎದುರಿಗೇ, ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ನಿವೃತ್ತಿಯ ದಿನವೂ ಅಳದವಳು. ಅವತ್ತು ನಾನು ಆಡಿದ ಮಾತು ಮನುಷ್ಯರಾದವರು ಆಡುವ ಮಾತಲ್ಲ, ತಪ್ಪಾಯಿತು ಎಂದೆ. ನಾಲ್ಕು ಜನರ ಮುಂದೆ ಅಂದಿದ್ದೆ, ಬೇಕಾದರೆ ಆ ನಾಲ್ಕು ಜನರನ್ನೂ ಕರೆಸು, ಅವರ ಮುಂದೆಯೇ ಹೇಳುತ್ತೇನೆ ಎಂದೆ.

ಅವಳು ಮೊರ ಪಕ್ಕಕ್ಕಿಟ್ಟಳು. ಬುಟ್ಟಿಯ ಮುಚ್ಚಳ ತೆಗೆದು, ಚೆಲುವಿಯನ್ನು ಎತ್ತಿ, ಕಣ್ಣ ಮುಂದೆ ಬೆರಳಾಡಿಸಿದಳು. ಚೆಲುವಿ ಬೆರಳಿನ ಕಡೆ ನೋಡಲಿಲ್ಲ.

"ಬಲೆ ಆಕಿದ್ ಮ್ಯಾಲೂ ಇದು ದಿನಾ ಕಿಟ್ಕೀಲ್ ಕುಂತ್ಕಂಡು ನಮ್ ಕಡೀಕ್ ಮುಖ ಮಾಡಿ ಕೂಗ್ತಿತ್ತು," ಎಂದಳು. "ಒಂದ್ ತಿಂಗ್ಳು ಕೂಗ್ತು. ಬಲೆ ಸಂದೀಲಿ ಒಂದ್ ಚೂರು ತೂರಿಸ್ಬೋದಾಗಿತ್ತು ನಾನು. ನಿಮ್ ಮ್ಯಾಲಿನ ಸಿಟ್ಗೆ ಬಾಗ್ಲು ಮುಚ್ಕಂಡೆ. ನಿಮ್ದೊಂದೇ ತೆಪ್ಪಲ್ಲ ಬುಡಿ."

ಆ ಕೂಗು ನಾನೂ ಕೇಳಿದ್ದೆ. ಹೊರಗೆ ತಿರುಗುವ ಚಟ, ನಾಲ್ಕು ದಿನದಲ್ಲಿ ಬಿಡುತ್ತಾಳೆ ಎಂದು ಕಿಟಕಿಯ ಬಾಗಿಲು ಎಳೆದಿದ್ದೆ. ಈ ಕಡೆಯ ಬಾಗಿಲು ನಾನು ಮುಚ್ಚಿದೆ, ಆ ಕಡೆಯದನ್ನು ಅವಳು ಮುಚ್ಚಿದಳು, ನಡುವೆ ಉಪವಾಸ ಬಿದ್ದವಳು ಚೆಲುವಿ.

ಹಿಂದಿನ ದಿನ ಹೊನ್ನಯ್ಯ ಬಂದು ಹೋಗಿದ್ದನಂತೆ, ಮನೆಯಲ್ಲಿ ಮೀನಿತ್ತು. ಚಿಕ್ಕಬೋರಮ್ಮ ಎರಡು ತುಂಡನ್ನು ಉಪ್ಪು ಖಾರ ಹಾಕದೆ ನೀರಿನಲ್ಲಿ ಬೇಯಿಸಿದಳು. ನಾನು ಅವಳ ಹಿತ್ತಲ ಕಟ್ಟೆಯ ಮೇಲೆ ಕೂತು, ಮೂಗಿಗೆ ಸೆರಗು ಹಿಡಿಯಬಾರದೆಂದು ಹಟ ಹಿಡಿದು ಕೈಗಳೆರಡನ್ನೂ ತೊಡೆಯ ಮೇಲೆ ಒತ್ತಿಕೊಂಡಿದ್ದೆ. ಅವಳು ತುಂಡನ್ನು ಆರಿಸಿ, ಮುಳ್ಳು ಬಿಡಿಸಿ, ತಟ್ಟೆಯಲ್ಲಿಟ್ಟು ಚೆಲುವಿಯ ಮುಂದೆ ಸರಿಸಿದಳು. ಚೆಲುವಿ ಹಿಂದಕ್ಕೆ ಸರಿದು ಕಲ್ಲಿನ ತೊಟ್ಟಿಯ ಸಂದಿಗೆ ಹೋಗಿ ಸೇರಿಕೊಂಡಳು. ಹೊಸ ಜಾಗ, ಕಣ್ಣು ಕಾಣುವುದಿಲ್ಲ, ಹಸುವಿನ ಉಸಿರಿನ ಸದ್ದು ಬೇರೆ. ಚಿಕ್ಕಬೋರಮ್ಮ ಬೆರಳಿನಲ್ಲಿ ಒಂದು ಚೂರು ಹಿಡಿದು ಬಾಯಿಯ ಹತ್ತಿರ ಒಯ್ದಳು. ಚೆಲುವಿ ಹಲ್ಲು ತೋರಿಸಿ ಬುಸ್ಸೆಂದಳು. ಎರಡನೆಯ ಸಲಕ್ಕೂ ಅಷ್ಟೇ ಆಯಿತು. ಆಮೇಲೆ ತೊಟ್ಟಿಯ ಸಂದಿಯಲ್ಲೇ ಬಾಯಿ ತೆರೆದು ತೇಕತೊಡಗಿದಳು.

"ನನ್ ವಾಸ್ನೆ ಮರ್ತೋಗದೆ ಇದ್ಕೆ," ಎಂದಳು ಚಿಕ್ಕಬೋರಮ್ಮ. ತಟ್ಟೆಯನ್ನು ತಂದು ನನ್ನ ಪಕ್ಕ ಇಟ್ಟಳು. "ಇಲ್ ಬುಟ್ಟೋದ್ರೆ ಉಳಿಯಾಕಿಲ್ಲ. ಮೀನು ನಾನ್ ಕೊಡ್ತೀನಿ. ಉಣ್ಸಾದು ನೀವೇ."

ಅಲ್ಲಿಯವರೆಗೂ ನಾನು ಒಂದು ಲೆಕ್ಕ ಹಾಕಿಕೊಂಡೇ ಬಂದಿದ್ದೆ. ಚೆಲುವಿಯನ್ನು ಇವಳಿಗೆ ಒಪ್ಪಿಸಿ, ಕಣ್ಣೀರು ಹಾಕಿ, ಮನೆಗೆ ಹೋಗಿ ಸ್ನಾನ ಮಾಡಿ ಮಡಿಯಾಗಿಬಿಡುವುದು. ಚೆಲುವಿ ಹೋದರೂ ನನ್ನ ಕೈ ಶುದ್ಧವಾಗಿರುತ್ತದೆ. ಪ್ರೀತಿ ಎಂದು ನಾನು ಅಂದುಕೊಂಡಿದ್ದರಲ್ಲಿ ಇಷ್ಟು ಜಿಪುಣತನ ಇತ್ತೆಂದು ಆ ತಟ್ಟೆ ಮುಂದೆ ಬಂದಾಗ ಗೊತ್ತಾಯಿತು.

ಬಳೆ ಹಿಂದಕ್ಕೆ ದೂಡಿ ತಟ್ಟೆಗೆ ಕೈ ಹಾಕಿದೆ. ಮೆತ್ತಗಿತ್ತು, ಇನ್ನೂ ಬೆಚ್ಚಗಿತ್ತು. ಒಂದು ಮುಳ್ಳು ಉಳಿದಿದ್ದು ಬೆರಳಿಗೆ ಚುಚ್ಚಿತು, ಅದನ್ನು ಎಳೆದು ಹಾಕಿದೆ. ಮೊಸರನ್ನ ಕಿವಿಚುವ ಹಾಗೆಯೇ ಐದೂ ಬೆರಳಿನಿಂದ ಅದನ್ನು ಕಿವಿಚಿದೆ. ನನಗೆ ಬೇರೆ ರೀತಿ ಗೊತ್ತಿರಲಿಲ್ಲ. ತೊಟ್ಟಿಯ ಪಕ್ಕ ನೆಲಕ್ಕೆ ಕೂತು, ಬಾ ಚೆಲುವಿ, ಬಾ ಪುಟ್ಟಿ ಎಂದು ದಿನಾ ಕರೆಯುವ ಹಾಗೆ ಕರೆದೆ. ಬಹಳ ಹೊತ್ತು ಏನೂ ಆಗಲಿಲ್ಲ. ಮಂಡಿ ನೋವು ಶುರುವಾಯಿತು. ಚಿಕ್ಕಬೋರಮ್ಮ ಹಸುವಿನ ಹತ್ತಿರ ಹೋಗಿ ಅದರ ಕೊರಳ ಗಂಟೆಯನ್ನು ಸದ್ದಾಗದಂತೆ ಕೈಯಲ್ಲಿ ಹಿಡಿದು ನಿಂತಳು.

ಮೊದಲು ಮೂತಿ ಬಂತು. ನನ್ನ ಮಣಿಕಟ್ಟು ಮೂಸಿದಳು, ಬಳೆ ಮೂಸಿದಳು, ಆಮೇಲೆ ಬೆರಳು. ಒಂದು ಸಲ ನಾಲಿಗೆ ತಾಗಿಸಿ ನಿಂತಳು. ಮತ್ತೆ ತಾಗಿಸಿದಳು. ಆಮೇಲೆ ನಿಲ್ಲಲಿಲ್ಲ. ಹದಿನಾಲ್ಕು ತಿಂಗಳ ಹಸಿವು ಒಂದೇ ಸಲ ನೆನಪಾದ ಹಾಗೆ ಗುರುಗುಟ್ಟುತ್ತಾ, ನನ್ನ ಅಂಗೈಯನ್ನು ಎರಡೂ ಮುಂಗಾಲಿನಿಂದ ಒತ್ತಿ ಹಿಡಿದು ತಿಂದಳು. ಆರು ವರ್ಷ ಅವಳು ನನ್ನ ಕೈಯಿಂದ ತಿಂದಿದ್ದನ್ನು ನೋಡಿದ್ದೇನೆ, ಹೀಗೆ ತಿಂದದ್ದನ್ನು ನೋಡಿರಲಿಲ್ಲ. ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅಂಗೈ ನೆಕ್ಕಿ ಮುಗಿಸಿದವಳು ಕಾಣದ ಕಣ್ಣನ್ನು ನನ್ನ ಮುಖದ ಕಡೆ ಎತ್ತಿ ಕೂಗಿದಳು.

"ಚಿಕ್ಕಬೋರಮ್ಮ," ಎಂದೆ, "ಇನ್ನೊಂದು ಚೂರು ಮೀನಿದ್ದರೆ ಕೊಡು."